ಗಾಳಿಮಾತು, ಮೌನ ಮತ್ತು ನಿಷ್ಕ್ರಮಣ: ದೂರದರ್ಶನದ ತೆರೆಮರೆಯ ಕಥನಗಳನ್ನು ಓದುವ ಕ್ರಮ

1. ಪ್ರಸ್ತಾವನೆ

ನಾಟಕದಲ್ಲಿ ಪಾತ್ರವೊಂದು ರಂಗದಿಂದ ಹೊರಹೋಗುವುದಕ್ಕೆ ಕಥೆಯೊಳಗೇ ಒಂದು ಕಾರಣವಿರುತ್ತದೆ. ಪ್ರವೇಶದಷ್ಟೇ ನಿಷ್ಕ್ರಮಣವೂ ನಾಟಕಕಾರನ ಯೋಜನೆಗೆ ಸೇರಿದ್ದು. ದೂರದರ್ಶನದ ಧಾರಾವಾಹಿಗಳಲ್ಲಿ ಈ ನಿಯಮ ಸಡಿಲವಾಗುತ್ತದೆ. ವರ್ಷಗಟ್ಟಲೆ ನಡೆಯುವ ಈ ಪ್ರಕಾರದಲ್ಲಿ ಪಾತ್ರದ ನಿಷ್ಕ್ರಮಣದ ಕಾರಣ ಎಷ್ಟೋ ವೇಳೆ ಕಥೆಯ ಹೊರಗಿರುತ್ತದೆ. ಸಂಭಾವನೆಯ ತಕರಾರು, ಮುಗಿದ ಒಪ್ಪಂದ, ಅನಾರೋಗ್ಯ, ಬೇರೆ ಅವಕಾಶ, ಕೆಲವೊಮ್ಮೆ ಚಿತ್ರೀಕರಣದ ಸ್ಥಳದಲ್ಲಿ ಅನುಭವಿಸಿದ ಕಿರುಕುಳ—ಇವುಗಳಲ್ಲಿ ಯಾವುದೋ ಒಂದು ಪಾತ್ರಧಾರಿಯನ್ನು ಹೊರಗೆ ಕಳುಹಿಸುತ್ತದೆ. ಕಥೆ ಮಾತ್ರ ಪಾತ್ರವನ್ನು ಪರದೇಶಕ್ಕೋ ಪರಲೋಕಕ್ಕೋ ಕಳುಹಿಸಿ ಮುಂದುವರಿಯುತ್ತದೆ.

ಹೀಗೆ ಕಥೆ ಹೇಳುವ ಕಾರಣಕ್ಕೂ ನಿಜವಾದ ಕಾರಣಕ್ಕೂ ನಡುವೆ ಉಳಿಯುವ ಬಿರುಕಿನಲ್ಲಿ ಹುಟ್ಟುವುದು ಗಾಳಿಮಾತು. ಕಳೆದ ಎರಡು ಮೂರು ದಶಕಗಳಿಂದ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಧಾರಾವಾಹಿಗಳನ್ನು ಕುರಿತ ಅಧ್ಯಯನಗಳು ನಡೆಯುತ್ತ ಬಂದಿವೆ. ಕಥಾವಸ್ತು, ಸ್ತ್ರೀಪಾತ್ರಗಳ ಚಿತ್ರಣ, ಭಾಷಾಬಳಕೆ, ಪ್ರೇಕ್ಷಕರ ಸ್ವೀಕಾರ—ಇವು ಇಂಥ ಅಧ್ಯಯನಗಳು ಸಹಜವಾಗಿ ಆಯ್ದುಕೊಳ್ಳುವ ನೆಲೆಗಳು. ಆದರೆ ಅಧ್ಯಯನಕಾರರು ತೆರೆಮರೆಯ ಸಂಗತಿಗಳಿಗೆ ಬಂದಾಗ ಎರಡು ಅತಿಗಳ ಅಪಾಯ ಎದುರಾಗುತ್ತದೆ. ಸಿನಿಮಾ ಪುರವಣಿಯ ವದಂತಿಯನ್ನು ಆಕರದಂತೆ ಬಳಸುವುದು ಒಂದು. ಅದೆಲ್ಲ ಹರಟೆಯೆಂದು ಸಂಪೂರ್ಣವಾಗಿ ಬದಿಗೆ ಸರಿಸುವುದು ಮತ್ತೊಂದು. ಮೊದಲನೆಯದು ವ್ಯಕ್ತಿಗಳಿಗೆ ಅನ್ಯಾಯ ಮಾಡುತ್ತದೆ. ಎರಡನೆಯದು ದುರ್ನಡತೆಯನ್ನು ಮುಚ್ಚಿಡುವ ವ್ಯವಸ್ಥೆಗೆ ಅರಿವಿಲ್ಲದೆಯೇ ನೆರವಾಗುತ್ತದೆ.

ಗಾಳಿಮಾತನ್ನು ನಂಬಬೇಕೇ ಬೇಡವೇ ಎಂಬ ಪ್ರಶ್ನೆಗಿಂತ, ಅದು ಯಾವ ಮೌನದಿಂದ ಹುಟ್ಟಿತು, ಆ ಮೌನವನ್ನು ಯಾರು ಯಾರಿಗಾಗಿ ಕಾಯ್ದುಕೊಂಡರು ಎಂಬ ಪ್ರಶ್ನೆಯೇ ಮುಖ್ಯವೆಂದು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದಕ್ಕಾಗಿ ಅಮೆರಿಕದ ದೂರದರ್ಶನದ ನಾಲ್ಕು ನಿಷ್ಕ್ರಮಣಗಳನ್ನು ಆರಿಸಿಕೊಳ್ಳಲಾಗಿದೆ. ಅಲ್ಲಿಯ ನ್ಯಾಯಾಲಯದ ನಿರ್ಣಯ, ರಾಜಿ ಒಪ್ಪಂದ ಮತ್ತು ನಟರ ಸ್ವಂತ ಹೇಳಿಕೆಗಳು ಕಾಲಾನಂತರದಲ್ಲಿ ಬಹಿರಂಗಗೊಂಡಿರುವುದರಿಂದ ವದಂತಿಯನ್ನು ದಾಖಲೆಯ ಎದುರಿಗಿಟ್ಟು ನೋಡುವುದು ಸಾಧ್ಯವಾಗಿದೆ. ಅಲ್ಲಿಂದ ದೊರೆಯುವ ತಿಳಿವಳಿಕೆಯನ್ನು ಭಾರತದ ಮತ್ತು ಕರ್ನಾಟಕದ ಸಂದರ್ಭಕ್ಕೆ ಕೊನೆಯ ಭಾಗದಲ್ಲಿ ಅನ್ವಯಿಸಲಾಗಿದೆ.

2. ಐತಿಹ್ಯ ಮತ್ತು 'ಅಂತೆ'

ಗಾಳಿಮಾತಿನ ಜ್ಞಾನಮೌಲ್ಯವನ್ನು ಕುರಿತ ಚರ್ಚೆ ನಮ್ಮ ಪರಂಪರೆಗೆ ಹೊಸದಲ್ಲ. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳನ್ನು ಒಪ್ಪುವ ನ್ಯಾಯದರ್ಶನದ ಎದುರು ಪೂರ್ವಪಕ್ಷವು ಬೇರೆ ಕೆಲವು ಪ್ರಮಾಣಗಳನ್ನೂ ಒಡ್ಡುತ್ತದೆ. ಅವುಗಳಲ್ಲಿ ಐತಿಹ್ಯವೂ ಒಂದು. 'ಹೀಗೆ ಹೇಳಿದರು' ಎಂದಷ್ಟೇ ತಿಳಿದಿದ್ದು, ಹೇಳಿದವರು ಯಾರೆಂದು ತಿಳಿಯದೆ ಪರಂಪರೆಯಿಂದ ಹರಿದುಬಂದ ಮಾತು ಐತಿಹ್ಯ. ಇದನ್ನು ಪ್ರತ್ಯೇಕ ಪ್ರಮಾಣವೆಂದು ನೈಯಾಯಿಕರು ಒಪ್ಪುವುದಿಲ್ಲ. ಅದು ಶಬ್ದದಲ್ಲಿಯೇ ಅಡಕವೆಂಬುದು ಅವರ ಉತ್ತರ. ಶಬ್ದವು ಪ್ರಮಾಣವಾಗಬೇಕಾದರೆ ಅದು ಆಪ್ತವಾಕ್ಯವಾಗಿರಬೇಕು. ಆಪ್ತನೆಂದರೆ ವಿಷಯವನ್ನು ನೇರವಾಗಿ ಬಲ್ಲವನು ಮತ್ತು ಬಲ್ಲದ್ದನ್ನು ಇದ್ದಂತೆ ತಿಳಿಸಬಯಸುವವನು. ಹೇಳಿದವರಾರೆಂದು ತಿಳಿಯದ ಮಾತಿಗೆ ಈ ಎರಡೂ ಪರೀಕ್ಷೆಗಳನ್ನು ಒಡ್ಡಲಾಗದು. ಜಾನಪದ ಅಧ್ಯಯನದಲ್ಲಿ ನಾವು 'ಐತಿಹ್ಯ' ಎಂಬ ಪದವನ್ನು ಸ್ಥಳ, ವ್ಯಕ್ತಿ, ಘಟನೆಗಳನ್ನು ಕುರಿತು ಜನ ನಿಜವೆಂದು ನಂಬಿ ಹೇಳುವ ಕಥನಕ್ಕೆ ಬಳಸುತ್ತೇವೆ. ತೆರೆಮರೆಯ ವದಂತಿಯೂ ಈ ಲಕ್ಷಣಕ್ಕೆ ಒಪ್ಪುತ್ತದೆ. ಅದು ನೈಜ ವ್ಯಕ್ತಿಯನ್ನು ಕುರಿತದ್ದು, ನಿಜವೆಂದು ಹೇಳಲ್ಪಡುವಂಥದ್ದು, ಮೊದಲ ವಕ್ತಾರನಿಲ್ಲದ್ದು.

ಕನ್ನಡ ಭಾಷೆಯೂ ಈ ಭೇದವನ್ನು ತನ್ನ ವ್ಯಾಕರಣದಲ್ಲಿಯೇ ಇಟ್ಟುಕೊಂಡಿದೆ. 'ಅವಳು ಬಿಟ್ಟಳು' ಎಂಬುದಕ್ಕೂ 'ಅವಳು ಬಿಟ್ಟಳಂತೆ' ಎಂಬುದಕ್ಕೂ ಇರುವ ಅಂತರ ಪ್ರತಿಯೊಬ್ಬ ಕನ್ನಡಿಗನಿಗೂ ಗೊತ್ತು. 'ಅಂತೆ' ಸೇರಿದೊಡನೆ ಮಾತಿನ ಹೊಣೆ ಆಡಿದವರಿಂದ ಜಾರಿ ಬೇರೊಬ್ಬರ ತಲೆಗೆ ಹೋಗುತ್ತದೆ. 'ಅಂತೆಕಂತೆ' ಎಂಬ ಜೋಡುನುಡಿ ಇಂಥ ಮಾತುಗಳ ಬಗೆಗೆ ಜನ ತಾಳಿರುವ ಅನುಮಾನವನ್ನು ಸೂಚಿಸುತ್ತದೆ. ಪತ್ರಿಕಾಭಾಷೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 'ಎನ್ನಲಾಗಿದೆ', 'ಹೇಳಲಾಗುತ್ತಿದೆ', 'ಮಾತು ಕೇಳಿಬಂದಿದೆ' ಎಂಬ ಪ್ರಯೋಗಗಳಲ್ಲಿ ಹೇಳಿದವರೇ ಮಾಯವಾಗಿಬಿಡುತ್ತಾರೆ. ಆಡುಮಾತಿನ 'ಅಂತೆ' ತಾನು ಕೇಳಿದ್ದನ್ನು ಹೇಳುತ್ತಿದ್ದೇನೆಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆಯನ್ನಾದರೂ ಉಳಿಸಿಕೊಂಡಿದೆ. ಮುದ್ರಿತ 'ಎನ್ನಲಾಗಿದೆ' ವರದಿಯ ಗಾಂಭೀರ್ಯವನ್ನು ತೊಟ್ಟುಕೊಂಡು ಅದನ್ನೂ ಕಳೆದುಕೊಳ್ಳುತ್ತದೆ.

ವದಂತಿಯ ಪರವಾಗಿ ಸಾಮಾನ್ಯವಾಗಿ ಮುಂದಿಡುವ ವಾದವೆಂದರೆ, ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆ. ಹೊಗೆಯಿಂದ ಬೆಂಕಿಯನ್ನು ಊಹಿಸುವುದು ನ್ಯಾಯಶಾಸ್ತ್ರದ ಪ್ರಸಿದ್ಧ ಅನುಮಾನ. ಆದರೆ ಅದೇ ಶಾಸ್ತ್ರ, ಕಂಡದ್ದು ಹೊಗೆಯೋ ಮಂಜೋ ಎಂಬುದೇ ಖಚಿತವಾಗದಿದ್ದಲ್ಲಿ ಹೇತು ಅಸಿದ್ಧವಾಗುತ್ತದೆಂದು ಎಚ್ಚರಿಸುತ್ತದೆ. ಗಾದೆಯನ್ನು ನೆನಪಿಟ್ಟುಕೊಂಡು ಈ ಎಚ್ಚರಿಕೆಯನ್ನು ಮರೆತರೆ ಕಂಡಲ್ಲೆಲ್ಲ ಬೆಂಕಿಯೇ ಕಾಣುತ್ತದೆ.

ಕಾವ್ಯಪರಂಪರೆಯಲ್ಲಿಯೂ ಇದಕ್ಕೆ ಸಂವಾದಿಯಾದ ಪ್ರಸಂಗವಿದೆ. ಲಕ್ಷ್ಮೀಶನ 'ಜೈಮಿನಿ ಭಾರತ'ದ ಸೀತಾಪರಿತ್ಯಾಗದ ಭಾಗವನ್ನು ಓದಿದವರಿಗೆ ಲೋಕಾಪವಾದವೆಂಬುದು ಎಂಥ ಶಕ್ತಿಯೆಂಬುದು ತಿಳಿದಿದೆ. ಅಲ್ಲಿ ಮಾತು ಆಡಿದವರು ಒಬ್ಬರು, ತಂದು ಮುಟ್ಟಿಸಿದವರು ಮತ್ತೊಬ್ಬರು, ನಿರ್ಣಯ ಕೈಗೊಂಡವರು ಬೇರೊಬ್ಬರು. ಹೊರಡಬೇಕಾದವಳು ಮಾತ್ರ ಸೀತೆ. ಅವಳನ್ನು ಯಾರೂ ಕೇಳಲಿಲ್ಲ. ವದಂತಿ ಮತ್ತು ನಿಷ್ಕ್ರಮಣಗಳ ಸಂಬಂಧದಲ್ಲಿ ಹೊರೆ ಯಾರ ಮೇಲೆ ಬೀಳುತ್ತದೆಂಬುದನ್ನು ಈ ಪ್ರಸಂಗ ಸ್ಪಷ್ಟಪಡಿಸುತ್ತದೆ.

3. ಮೂರು ಕಥನಗಳ ಪದರ

ದೂರದರ್ಶನದ ಪ್ರತಿ ಮುಖ್ಯ ನಿಷ್ಕ್ರಮಣವೂ ಮೂರು ಕಥನಗಳನ್ನು ಹುಟ್ಟಿಸುತ್ತದೆ. ಮೊದಲನೆಯದು ಧಾರಾವಾಹಿಯೊಳಗಿನ ಕಥನ. ಪಾತ್ರ ಊರು ಬಿಡುತ್ತದೆ, ಸಾಯುತ್ತದೆ, ಇಲ್ಲವೇ ಅದೇ ಪಾತ್ರಕ್ಕೆ ಹೊಸ ಮುಖ ಬರುತ್ತದೆ. ಎರಡನೆಯದು ಸಂಸ್ಥೆಯ ಅಧಿಕೃತ ಕಥನ. 'ವೈಯಕ್ತಿಕ ಕಾರಣ', 'ಸೃಜನಶೀಲ ಭಿನ್ನಾಭಿಪ್ರಾಯ' ಎಂಬ ಸಿದ್ಧ ಪದಗುಚ್ಛಗಳು ಇಲ್ಲಿ ಬರುತ್ತವೆ. ಮೂರನೆಯದು ಜನರ ನಾಲಗೆಯ ಮೇಲಿನ ಕಥನ. ಈ ಮೂರರ ಜೊತೆಗೆ, ಕೆಲವು ಪ್ರಕರಣಗಳಲ್ಲಿ ಮಾತ್ರ, ಬಹಳ ತಡವಾಗಿ ನಾಲ್ಕನೆಯದೊಂದು ಬಂದು ಸೇರುತ್ತದೆ: ದಾಖಲೆ. ಮುಂದಿನ ಪ್ರಕರಣಗಳಲ್ಲಿ ಈ ಪದರಗಳ ಮುಖಾಮುಖಿಯನ್ನು ಗಮನಿಸಬಹುದು.

4. ಕೂಲಿ ಕೇಳಿದವಳು 'ಕಷ್ಟದವಳು' ಆದ ಬಗೆ

ಎಬಿಸಿ ವಾಹಿನಿಯ 'ಥ್ರೀಸ್ ಕಂಪನಿ' (1977-1984) ಎಂಬ ಹಾಸ್ಯ ಧಾರಾವಾಹಿ ಅಮೆರಿಕದಲ್ಲಿ ಅತ್ಯಂತ ಜನಪ್ರಿಯವಾಗಿತ್ತು. ಅದರ ಮೂವರು ಮುಖ್ಯ ನಟರಲ್ಲಿ ಒಬ್ಬರಾದ ಸುಜಾನ್ ಸೋಮರ್ಸ್ 1980ರಲ್ಲಿ ತಮ್ಮ ಸಂಭಾವನೆಯನ್ನು ಕಂತಿಗೆ 30,000 ಡಾಲರಿನಿಂದ 1,50,000 ಡಾಲರಿಗೆ ಏರಿಸಬೇಕೆಂದು ಕೇಳಿದರು. ಜನಪ್ರಿಯ ಧಾರಾವಾಹಿಗಳ ಪುರುಷ ನಟರು ಪಡೆಯುವಷ್ಟನ್ನು ತಾನೂ ಪಡೆಯಬೇಕೆಂಬುದು ಅವರ ವಾದ. ನಿರ್ಮಾಪಕರು ಒಪ್ಪಲಿಲ್ಲ. ಆ ಸರಣಿಯ ಉಳಿದ ಕಂತುಗಳಲ್ಲಿ ಅವರ ಪಾತ್ರ ಕ್ರಿಸಿ, ತಾಯಿಯ ಆರೈಕೆಗೆಂದು ಫ್ರೆಸ್ನೊ ನಗರಕ್ಕೆ ಹೋದಂತೆ ಕಥೆ ಬದಲಾಯಿತು. ಕ್ರಿಸಿ ಅಲ್ಲಿಂದ ದೂರವಾಣಿಯಲ್ಲಿ ಮಾತನಾಡುವ ಸಣ್ಣ ದೃಶ್ಯಗಳನ್ನು ಸಹನಟರಿಂದ ಪ್ರತ್ಯೇಕವಾಗಿ ಚಿತ್ರೀಕರಿಸಲಾಯಿತು. 1981ರಲ್ಲಿ ಅವರನ್ನು ಕೈಬಿಡಲಾಯಿತು.

ಇಲ್ಲಿ ಕಥೆಯ ಯುಕ್ತಿಯೇ ನಿಜಸ್ಥಿತಿಯ ಚಿತ್ರವಾಗಿರುವುದು ಗಮನಾರ್ಹ. ಎಲ್ಲರಿಂದ ಬೇರ್ಪಟ್ಟು ದೂರದಿಂದ ಮಾತನಾಡುವ ಪಾತ್ರದ ಸ್ಥಿತಿಯೂ ಪಾತ್ರಧಾರಿಯ ಸ್ಥಿತಿಯೂ ಒಂದೇ ಆಗಿದ್ದವು. ಆದರೆ ಹೊರಗೆ ಹಬ್ಬಿದ ಕಥನದಲ್ಲಿ ಸೋಮರ್ಸ್ ದುರಾಸೆಯ ನಟಿಯಾದರು. ಸಮಾನ ವೇತನದ ಬೇಡಿಕೆಯೆಂಬ ಸಾರ್ವಜನಿಕ ಪ್ರಶ್ನೆ ಒಬ್ಬಳ ಸ್ವಭಾವದ ಪ್ರಶ್ನೆಯಾಗಿ ಕುಗ್ಗಿತು. ಸಹನಟಿ ಜಾಯ್ಸ್ ಡೆವಿಟ್ ಮತ್ತು ಅವರು ಸಾರ್ವಜನಿಕವಾಗಿ ಮುಖಾಮುಖಿ ಕುಳಿತು ಮಾತನಾಡಿದ್ದು 2012ರಲ್ಲಿ, ಅಂದರೆ ಮೂರು ದಶಕಗಳ ನಂತರ.

ಎರಡನೆಯ ಪ್ರಕರಣ ಎನ್‌ಬಿಸಿ ವಾಹಿನಿಯಲ್ಲಿ 1986ರಲ್ಲಿ ಆರಂಭವಾದ 'ವ್ಯಾಲರಿ' ಧಾರಾವಾಹಿಯದು. ಧಾರಾವಾಹಿಯ ಹೆಸರೇ ಪ್ರಧಾನ ನಟಿ ವ್ಯಾಲರಿ ಹಾರ್ಪರ್ ಅವರದು. 1987ರಲ್ಲಿ ಸಂಭಾವನೆಯ ತಕರಾರಿನ ನಂತರ ನಿರ್ಮಾಣ ಸಂಸ್ಥೆ ಲೊರಿಮಾರ್ ಅವರನ್ನು ತೆಗೆದುಹಾಕಿತು. ಕಥೆಯಲ್ಲಿ ತಾಯಿಯ ಪಾತ್ರ ಕಾರು ಅಪಘಾತದಲ್ಲಿ ಸತ್ತಂತೆ ತೋರಿಸಲಾಯಿತು. ಮಕ್ಕಳನ್ನು ನೋಡಿಕೊಳ್ಳಲು ಸ್ಯಾಂಡಿ ಡಂಕನ್ ಅಭಿನಯಿಸಿದ ಸೋದರತ್ತೆಯ ಪಾತ್ರ ಬಂದಿತು. ಧಾರಾವಾಹಿಯ ಹೆಸರು ಮೊದಲು 'ವ್ಯಾಲರೀಸ್ ಫ್ಯಾಮಿಲಿ' ಎಂದೂ ಅನಂತರ 'ದಿ ಹೋಗನ್ ಫ್ಯಾಮಿಲಿ' ಎಂದೂ ಬದಲಾಯಿತು. ಹೆಸರಿನಿಂದ ನಟಿಯನ್ನು ಅಳಿಸಿದ ಈ ಎರಡು ಹಂತಗಳು ಒಂದು ಸಂಸ್ಥೆ ವ್ಯಕ್ತಿಯೊಬ್ಬರನ್ನು ಕಥನದಿಂದ ತೆಗೆದುಹಾಕುವ ಕ್ರಮವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತವೆ.

ತಪ್ಪು ನಟಿಯದೇ ಎಂಬುದು ಸಂಸ್ಥೆಯ ನಿಲುವು. ಹಾರ್ಪರ್ ಮೌನವಾಗಿ ಉಳಿಯದೆ ನ್ಯಾಯಾಲಯಕ್ಕೆ ಹೋದರು. ವಾಹಿನಿಯ ವಿರುದ್ಧದ ಅವರ ವಾದ ನಿಲ್ಲಲಿಲ್ಲ. ಆದರೆ ಲೊರಿಮಾರ್ ಅವರನ್ನು ಅನ್ಯಾಯವಾಗಿ ತೆಗೆದುಹಾಕಿತೆಂದು 1988ರಲ್ಲಿ ಜ್ಯೂರಿ ತೀರ್ಮಾನಿಸಿ, 14 ಲಕ್ಷ ಡಾಲರ್ ಪರಿಹಾರವನ್ನೂ ಧಾರಾವಾಹಿಯ ಲಾಭದಲ್ಲಿ ಶೇ. 12.5 ಪಾಲನ್ನೂ ಕೊಡಿಸಿತು. 'ಕಷ್ಟದ ನಟಿ' ಎಂಬ ಮಾತಿನ ಎದುರು ದಾಖಲೆಯೊಂದು ನಿಂತ ಅಪರೂಪದ ಸಂದರ್ಭವಿದು. ಈ ಎರಡು ಪ್ರಕರಣಗಳಲ್ಲಿ ಹೊರಹೋದವರ ನಡತೆಯನ್ನು ಕುರಿತ ಮಾತುಗಳು ಒಳಗೆ ಉಳಿದವರಿಗೆ ಅನುಕೂಲವಾಗಿದ್ದವು. ವದಂತಿಯೆಂದರೆ ಜನಸಾಮಾನ್ಯರು ಅಧಿಕಾರದ ವಿರುದ್ಧ ಆಡುವ ಮಾತು ಎಂಬ ಪ್ರಚಲಿತ ಗ್ರಹಿಕೆಯನ್ನು ಇವು ಪ್ರಶ್ನಿಸುತ್ತವೆ.

5. ಸಾಯದವನ ಸಾವಿನ ಸುದ್ದಿ

ಇದಕ್ಕೆ ಬೇರೆಯದೇ ಮುಖವೂ ಇದೆ. ನಿಕಲೋಡಿಯನ್ ವಾಹಿನಿ 1996ರಲ್ಲಿ ಆರಂಭಿಸಿದ 'ಬ್ಲೂಸ್ ಕ್ಲೂಸ್' ಎಂಬ ಮಕ್ಕಳ ಕಾರ್ಯಕ್ರಮವನ್ನು ನಡೆಸಿಕೊಡುತ್ತಿದ್ದವರು ಸ್ಟೀವ್ ಬರ್ನ್ಸ್. ಕ್ಯಾಮೆರಾದ ಕಡೆಗೆ ನೇರವಾಗಿ ನೋಡಿ, ಪ್ರಶ್ನೆ ಕೇಳಿ, ಮನೆಯಲ್ಲಿ ಕುಳಿತ ಮಗು ಉತ್ತರಿಸುವವರೆಗೆ ಕಾಯುತ್ತಿದ್ದುದು ಅವರ ಕ್ರಮ. 2002ರಲ್ಲಿ ಅವರು ಕಾರ್ಯಕ್ರಮ ಬಿಟ್ಟರು. ಕಥೆಯಲ್ಲಿ ಸ್ಟೀವ್ ಕಾಲೇಜಿಗೆ ಹೋದ. ಅವನ ತಮ್ಮನೆಂದು ಜೋ ಎಂಬ ಪಾತ್ರ ಬಂದಿತು. ಕೂದಲು ಉದುರುತ್ತಿದ್ದುದೂ ಮಕ್ಕಳ ಕಾರ್ಯಕ್ರಮದಲ್ಲಿಯೇ ಜೀವನವಿಡೀ ಇರಲು ಮನಸ್ಸಿಲ್ಲದಿದ್ದುದೂ ತಮ್ಮ ನಿರ್ಗಮನದ ಹಿಂದಿದ್ದವೆಂದು ಅವರು ಹೇಳಿಕೊಂಡಿದ್ದಾರೆ.

ಇಷ್ಟು ಸರಳವಾದ ನಿರ್ಗಮನದ ಸುತ್ತ ಹಬ್ಬಿದ ವದಂತಿ ಭೀಕರವಾಗಿತ್ತು. ಮಾದಕವಸ್ತುವಿನಿಂದ ಸತ್ತರೆಂದೂ ಅಪಘಾತದಲ್ಲಿ ಸತ್ತರೆಂದೂ ಸುದ್ದಿ ಹರಡಿತು. ತಾವು ಬದುಕಿದ್ದೇವೆಂದು ತೋರಿಸಲು ಅವರು ದೂರದರ್ಶನದ ಮುಂದೆ ಬರಬೇಕಾಯಿತು; ಆದರೂ ವದಂತಿ ವರ್ಷಗಟ್ಟಲೆ ಅಳಿಯಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಯಕ್ರಮದ 25ನೆಯ ವರ್ಷದ ಸಂದರ್ಭದಲ್ಲಿ ಬರ್ನ್ಸ್ ಮತ್ತೆ ಅದೇ ಪಾತ್ರವಾಗಿ ಕಾಣಿಸಿಕೊಂಡು, ಆ ವೇಳೆಗೆ ದೊಡ್ಡವರಾಗಿದ್ದ ಹಳೆಯ ಪುಟ್ಟ ವೀಕ್ಷಕರೊಡನೆ ತಾನು ಏಕಾಏಕಿ ಹೊರಟುಹೋದುದರ ಬಗ್ಗೆ ಮಾತನಾಡಿದರು. ಈ ಚಿಕ್ಕ ದೃಶ್ಯಕ್ಕೆ ದೊರೆತ ಭಾವುಕ ಸ್ವೀಕಾರ, ನಿಷ್ಕ್ರಮಣವು ಪ್ರೇಕ್ಷಕರಲ್ಲಿ ಉಳಿಸುವ ಕೊರತೆ ಎಷ್ಟು ಆಳವಾದುದೆಂಬುದನ್ನು ತೋರಿಸಿತು.

ಇಲ್ಲಿ ದುರ್ನಡತೆಯೂ ಇರಲಿಲ್ಲ, ಮುಚ್ಚಿಡುವ ಒಪ್ಪಂದವೂ ಇರಲಿಲ್ಲ. ಇದ್ದದ್ದು ಪ್ರೇಕ್ಷಕನ ಅಗಲಿಕೆ ಮಾತ್ರ. ಪ್ರತಿದಿನ ಮನೆಗೆ ಬರುತ್ತಿದ್ದವನು ಬರುವುದನ್ನು ನಿಲ್ಲಿಸಿದಾಗ ಮನಸ್ಸು ಆ ಅಗಲಿಕೆಯ ಅಳತೆಗೆ ತಕ್ಕ ದೊಡ್ಡ ಕಾರಣವನ್ನು ಹುಡುಕುತ್ತದೆ. ಮಂಜನ್ನು ಹೊಗೆಯೆಂದು ಬಗೆದ ಉದಾಹರಣೆಗೆ ಇದಕ್ಕಿಂತ ಒಳ್ಳೆಯದು ಸಿಗದು. ಆದುದರಿಂದ ಎಲ್ಲ ವದಂತಿಯ ಹಿಂದೆಯೂ ಮುಚ್ಚಿಟ್ಟ ಅಪರಾಧವಿದೆಯೆಂಬ ಊಹೆಯಿಂದ ಅಧ್ಯಯನಕಾರ ಹೊರಡುವಂತಿಲ್ಲ.

6. ಬೀಗ ಹಾಕಿದ ದಾಖಲೆ

ನಾಲ್ಕನೆಯ ಪ್ರಕರಣ ಈ ಲೇಖನದ ಕೇಂದ್ರದಲ್ಲಿದೆ. ಸಿಬಿಎಸ್ ವಾಹಿನಿಯಲ್ಲಿ 2016ರಿಂದ 2022ರವರೆಗೆ ಪ್ರಸಾರವಾದ 'ಬುಲ್' ಎಂಬ ನ್ಯಾಯಾಲಯ ಕೇಂದ್ರಿತ ಧಾರಾವಾಹಿಯಲ್ಲಿ ನಟಿ ಎಲೈಜಾ ಡುಷ್ಕು 2017ರಲ್ಲಿ ವಕೀಲೆಯ ಪಾತ್ರದಲ್ಲಿ ಮೂರು ಕಂತುಗಳಲ್ಲಿ ಅಭಿನಯಿಸಿದರು. ಅವರನ್ನು ಮುಂದೆ ಖಾಯಂ ಪಾತ್ರವಾಗಿಸುವ ಯೋಜನೆಯಿತ್ತು. ಆದರೆ ಪಾತ್ರ ಮುಂದುವರಿಯಲಿಲ್ಲ. ಕಥೆಯಲ್ಲಿ ಇದಕ್ಕೆ ವಿವರಣೆಯ ಅಗತ್ಯವೇ ಬೀಳಲಿಲ್ಲ. ಹೊಸದಾಗಿ ಬಂದ ಪಾತ್ರವೊಂದು ಮತ್ತೆ ಬಾರದಿದ್ದರೆ ಪ್ರೇಕ್ಷಕರು ಹೆಚ್ಚು ಯೋಚಿಸುವುದಿಲ್ಲ.

2018ರ ಡಿಸೆಂಬರ್‌ನಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ಈ ನಿಷ್ಕ್ರಮಣದ ಹಿನ್ನೆಲೆಯನ್ನು ಬಯಲಿಗೆ ತಂದಿತು. ಪ್ರಧಾನ ನಟ ಮೈಕೆಲ್ ವೆದರ್‌ಲಿ ಚಿತ್ರೀಕರಣದ ಸ್ಥಳದಲ್ಲಿ ಎಲ್ಲರೆದುರು ತನ್ನ ರೂಪದ ಬಗೆಗೂ ಅತ್ಯಾಚಾರವನ್ನು ಕುರಿತೂ ಅಸಭ್ಯ ಹಾಸ್ಯ ಮಾಡಿದರೆಂದು ಡುಷ್ಕು ಆಕ್ಷೇಪಿಸಿದ್ದರು. ಅದಾದ ಸ್ವಲ್ಪ ಕಾಲದಲ್ಲಿಯೇ ಅವರನ್ನು ಧಾರಾವಾಹಿಯಿಂದ ಕೈಬಿಡಲಾಗಿತ್ತು. ಮಧ್ಯಸ್ಥಿಕೆಯ ನಂತರ ಸಂಸ್ಥೆ ಅವರಿಗೆ 95 ಲಕ್ಷ ಡಾಲರ್ ನೀಡಿ, ವಿಷಯವನ್ನು ಗೋಪ್ಯವಾಗಿಡುವ ರಾಜಿ ಒಪ್ಪಂದ ಮಾಡಿಕೊಂಡಿತ್ತು. ಅವರು ನಾಲ್ಕು ವರ್ಷ ಮುಂದುವರಿದಿದ್ದರೆ ಗಳಿಸಬಹುದಾಗಿದ್ದ ಮೊತ್ತಕ್ಕೆ ಇದು ಸರಿಸುಮಾರು ಸಮ. ತಾವು ಚಿತ್ರಕಥೆಯ ಸಾಲುಗಳನ್ನು ಹಿಡಿದು ತಮಾಷೆ ಮಾಡಿದ್ದಾಗಿಯೂ ಆಕೆಗೆ ಬೇಸರವಾಗಿದೆಯೆಂದು ತಿಳಿದೊಡನೆ ಕ್ಷಮೆ ಕೇಳಿದ್ದಾಗಿಯೂ ವೆದರ್‌ಲಿ ಹೇಳಿದರು. ಡುಷ್ಕು 'ಬಾಸ್ಟನ್ ಗ್ಲೋಬ್' ಪತ್ರಿಕೆಯಲ್ಲಿ ಲೇಖನ ಬರೆದು ಈ ವಿವರಣೆಯನ್ನು ನಿರಾಕರಿಸಿದರು. ಧಾರಾವಾಹಿ 2022ರವರೆಗೂ ಅದೇ ಪ್ರಧಾನ ನಟನೊಡನೆ ನಡೆಯಿತು.

ಈ ಪ್ರಕರಣದಲ್ಲಿ ಎರಡು ಅಂಶಗಳು ವಿಶೇಷ ಪರಿಶೀಲನೆಗೆ ಅರ್ಹ. ಮೊದಲನೆಯದು ಸಾಕ್ಷ್ಯದ ಸ್ವರೂಪ. ಚಿತ್ರೀಕರಣದ ಸ್ಥಳದಲ್ಲಿ ಕ್ಯಾಮೆರಾ ಚಾಲನೆಯಲ್ಲಿದ್ದಾಗ ದಾಖಲಾದ ದೃಶ್ಯಗಳಲ್ಲಿ ಆ ಮಾತುಗಳಲ್ಲಿ ಕೆಲವು ಸೆರೆಯಾಗಿದ್ದವು. ಆ ದೃಶ್ಯಗಳು ತಮ್ಮ ಪಕ್ಷಕ್ಕೆ ನೆರವಾಗುವವೆಂದು ಸಂಸ್ಥೆ ಭಾವಿಸಿತ್ತು. ಆದರೆ ಅವು ಡುಷ್ಕು ಅವರ ಮಾತನ್ನೇ ಬೆಂಬಲಿಸಿದವು. ತೆರೆಮರೆ ಎಂದು ನಾವು ಕರೆಯುವ ಜಾಗದಲ್ಲಿಯೂ ದಾಖಲೆ ಇತ್ತು. ಅದಕ್ಕೆ ಬೀಗ ಬಿದ್ದಿತ್ತು ಅಷ್ಟೆ. ಎರಡನೆಯದು, ಈ ವಿಷಯ ಹೊರಬಿದ್ದ ಬಗೆ. ಸಿಬಿಎಸ್‌ನ ಮುಖ್ಯಸ್ಥ ಲೆಸ್ ಮೂನ್ವೆಸ್ ವಿರುದ್ಧದ ಲೈಂಗಿಕ ಕಿರುಕುಳದ ಆರೋಪಗಳ ವಿಚಾರಣೆಗೆಂದು ಸಂಸ್ಥೆಯೇ ನೇಮಿಸಿದ್ದ ವಕೀಲರ ತನಿಖೆಯಲ್ಲಿ ಇದು ಕಂಡುಬಂದಿತು. ಆ ತನಿಖೆ ನಡೆಯದಿದ್ದರೆ ಈ ನಿಷ್ಕ್ರಮಣ ಇಂದಿಗೂ ವದಂತಿಯಾಗಿಯೇ ಇರುತ್ತಿತ್ತು, ಅಥವಾ ವದಂತಿಯೂ ಆಗದೆ ಮರೆತುಹೋಗುತ್ತಿತ್ತು.

2021ರ ನವೆಂಬರ್‌ನಲ್ಲಿ ಡುಷ್ಕು ಅಮೆರಿಕದ ಪ್ರತಿನಿಧಿಸಭೆಯ ನ್ಯಾಯಾಂಗ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಉದ್ಯೋಗದ ಒಪ್ಪಂದದಲ್ಲಿಯೇ ಕಡ್ಡಾಯ ಮಧ್ಯಸ್ಥಿಕೆಯ ಷರತ್ತು ಸೇರಿಸಿ, ಕಿರುಕುಳದ ದೂರು ನ್ಯಾಯಾಲಯ ತಲುಪದಂತೆ ಮಾಡುವ ಪದ್ಧತಿಯನ್ನು ಕುರಿತ ವಿಚಾರಣೆ ಅದು. ಲೈಂಗಿಕ ದೌರ್ಜನ್ಯ ಮತ್ತು ಕಿರುಕುಳದ ಪ್ರಕರಣಗಳಲ್ಲಿ ದೂರುದಾರರನ್ನು ಇಂಥ ಮಧ್ಯಸ್ಥಿಕೆಗೆ ಕಟ್ಟಿಹಾಕುವಂತಿಲ್ಲವೆಂಬ ಕಾನೂನಿಗೆ 2022ರ ಮಾರ್ಚ್ 3ರಂದು ಅಧ್ಯಕ್ಷರ ಸಹಿ ಬಿದ್ದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ, ವಿವಾದ ಹುಟ್ಟುವ ಮೊದಲೇ ಬರೆಸಿಕೊಂಡ ಬಾಯಿಕಟ್ಟುವ ಷರತ್ತುಗಳು ಇಂಥ ಪ್ರಕರಣಗಳಿಗೆ ಅನ್ವಯಿಸದಂತೆ ಮಾಡುವ ಮತ್ತೊಂದು ಕಾನೂನು ಬಂದಿತು. ಮೂರು ಕಂತುಗಳಿಗೆ ಮುಗಿದ ಪಾತ್ರವೊಂದರ ಕಥೆ ಶಾಸನಸಭೆಯವರೆಗೆ ಹೋದ ಈ ದಾರಿಯಲ್ಲಿ, ವದಂತಿಯು ಆರೋಪವಾಗಿ, ಆರೋಪವು ಸಾಕ್ಷ್ಯವಾಗಿ ಮಾರ್ಪಡಲು ಸಂಸ್ಥೆಗಳ ಬಾಗಿಲು ತೆರೆಯಬೇಕಾಯಿತೆಂಬುದು ಸ್ಪಷ್ಟ.

7. ಎರಡು ಬಗೆಯ ಮೌನ

ಮೇಲಿನ ಚರ್ಚೆಯಿಂದ ಗೋಪ್ಯತೆಯೇ ಕೆಡುಕೆಂಬ ತೀರ್ಮಾನಕ್ಕೆ ಬರುವುದು ಅವಸರವಾದೀತು. ಭಾರತದಲ್ಲಿ 1997ರ ವಿಶಾಖಾ ತೀರ್ಪಿನ ಮುಂದುವರಿಕೆಯಾಗಿ 2013ರಲ್ಲಿ ಬಂದ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯಿದೆ ಈ ವಿಷಯದಲ್ಲಿ ಸೂಕ್ಷ್ಮವಾಗಿದೆ. ಅದರ 16ನೆಯ ಪ್ರಕರಣವು ದೂರಿನ ಒಳವಿವರವನ್ನೂ ದೂರುದಾರರು, ಪ್ರತಿವಾದಿ, ಸಾಕ್ಷಿಗಳ ಗುರುತನ್ನೂ ಪ್ರಕಟಿಸುವುದನ್ನು ನಿಷೇಧಿಸುತ್ತದೆ. ಆದರೆ ಗುರುತು ಬಿಟ್ಟುಕೊಡದೆ, ನೊಂದವಳಿಗೆ ನ್ಯಾಯ ದೊರೆತ ಸಂಗತಿಯನ್ನು ತಿಳಿಸಲು ಅವಕಾಶ ಕೊಡುತ್ತದೆ. ವ್ಯಕ್ತಿಯನ್ನು ಮರೆಮಾಡಿ ನ್ಯಾಯವನ್ನು ಕಾಣಿಸುವುದು ಇದರ ಆಶಯ. ರಾಜಿ ಒಪ್ಪಂದದ ಗೋಪ್ಯತೆಯಲ್ಲಿ ಇದು ತಲೆಕೆಳಗಾಗುತ್ತದೆ. ಅಲ್ಲಿ ನ್ಯಾಯ ಮರೆಯಾಗುತ್ತದೆ, ಹೊರಹೋದ ವ್ಯಕ್ತಿ ಮಾತ್ರ ಎಲ್ಲರ ಕಣ್ಣಿಗೆ ಬಿದ್ದು ಊಹೆಗೆ ಆಹಾರವಾಗುತ್ತಾಳೆ. ನೊಂದವರನ್ನು ಕಾಯುವ ಮೌನ ಮತ್ತು ಸಂಸ್ಥೆಯನ್ನು ಕಾಯುವ ಮೌನ—ಇವೆರಡನ್ನೂ ಒಂದೇ 'ಗೋಪ್ಯತೆ' ಎಂಬ ಪದದಡಿ ಸೇರಿಸುವುದರಿಂದಲೇ ಹಲವು ಗೊಂದಲಗಳು ಹುಟ್ಟುತ್ತವೆ.

ಈ ಕಾಯಿದೆ ತಾತ್ಕಾಲಿಕವಾಗಿ, ದಿನಗೂಲಿಯ ಮೇಲೆ, ಗುತ್ತಿಗೆದಾರರ ಮೂಲಕ ದುಡಿಯುವವರನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿರುವುದು ಧಾರಾವಾಹಿಯ ಚಿತ್ರೀಕರಣದ ದೃಷ್ಟಿಯಿಂದ ಮಹತ್ವದ್ದು. ಹತ್ತಕ್ಕಿಂತ ಕಡಿಮೆ ಜನ ದುಡಿಯುವಲ್ಲಿ ಜಿಲ್ಲಾಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಪಾತ್ರಧಾರಿಗಷ್ಟೇ ಅಲ್ಲ, ಪ್ರಸಾಧನದವರಿಗೂ ಸಹಕಲಾವಿದರಿಗೂ ಈ ಬಾಗಿಲು ತೆರೆದಿದೆ. ಹೆಸರಾಂತ ನಟಿಯ ನಿಷ್ಕ್ರಮಣ ವದಂತಿಯಾದರೂ ಆಗುತ್ತದೆ. ಪ್ರಸಾಧನದ ಹುಡುಗಿ ಕೆಲಸ ಬಿಟ್ಟರೆ ಅದು ಸುದ್ದಿಯೇ ಆಗುವುದಿಲ್ಲ. ವದಂತಿಗೂ ವರ್ಗವಿದೆಯೆಂಬುದನ್ನು ಅಧ್ಯಯನಕಾರರು ಮರೆಯಬಾರದು.

ನೆರೆಯ ಕೇರಳದ ಅನುಭವ ಸಿನಿಮಾ ಕ್ಷೇತ್ರದ್ದಾದರೂ ಇಲ್ಲಿ ಪ್ರಸ್ತುತ. 2017ರಲ್ಲಿ ನೇಮಕವಾದ ನ್ಯಾಯಮೂರ್ತಿ ಹೇಮಾ ಸಮಿತಿ 2019ರ ಡಿಸೆಂಬರ್ 31ರಂದು ವರದಿ ಸಲ್ಲಿಸಿತು. ಅದು ಹೆಸರುಗಳನ್ನು ಮರೆಮಾಡಿ ಬಹಿರಂಗಗೊಂಡದ್ದು 2024ರ ಆಗಸ್ಟ್ 19ರಂದು. ನಾಲ್ಕೂವರೆ ವರ್ಷಗಳ ಕಾಲ ವರದಿ ಇತ್ತು, ಓದುವಂತಿರಲಿಲ್ಲ. ಹೆಸರು ಮುಚ್ಚಿದ್ದು ಮೊದಲ ಬಗೆಯ ಮೌನ. ವರದಿಯನ್ನೇ ಮುಚ್ಚಿದ್ದು ಎರಡನೆಯದಕ್ಕೆ ಹತ್ತಿರ. ಇದರ ಹಿಂದೆಯೇ, 2024ರ ಸೆಪ್ಟೆಂಬರ್‌ನಲ್ಲಿ ಕನ್ನಡ ಚಿತ್ರರಂಗದ 'ಫೈರ್' ಸಂಘಟನೆ, ನಿವೃತ್ತ ನ್ಯಾಯಾಧೀಶರ ನೇತೃತ್ವದಲ್ಲಿ ಇಂಥದೇ ಸಮಿತಿ ಬೇಕೆಂದು ಕರ್ನಾಟಕದ ಮುಖ್ಯಮಂತ್ರಿಗಳಿಗೆ ಮನವಿ ಸಲ್ಲಿಸಿತು.

ಕನ್ನಡ ಕಿರುತೆರೆಯಲ್ಲಿ ನಿಷ್ಕ್ರಮಣವೊಂದು ಬಹಿರಂಗ ವಿವಾದವಾದ ನಿದರ್ಶನವೂ ಇದೆ. 2022ರ ಆಗಸ್ಟ್‌ನಲ್ಲಿ 'ಜೊತೆ ಜೊತೆಯಲಿ' ಧಾರಾವಾಹಿಯಿಂದ ಪ್ರಧಾನ ನಟ ಅನಿರುದ್ಧ ಹೊರಬಿದ್ದಾಗ, ಚಿತ್ರೀಕರಣದಲ್ಲಿ ಅವರ ವರ್ತನೆ ಸರಿಯಿರಲಿಲ್ಲವೆಂದು ನಿರ್ಮಾಪಕರ ಪಕ್ಷ ಆರೋಪಿಸಿತು. ಅನಿರುದ್ಧ ಅದನ್ನು ನಿರಾಕರಿಸಿದರು. ಕಿರುಕುಳದ ಪ್ರಶ್ನೆ ಇಲ್ಲಿರಲಿಲ್ಲ. ತಕರಾರು ಕೆಲಸದ ರೀತಿಗೆ ಸಂಬಂಧಿಸಿದ್ದು. ಯಾರ ಮಾತು ಸರಿ ಎಂಬುದು ನಮ್ಮ ಚರ್ಚೆಯ ವ್ಯಾಪ್ತಿಗೆ ಬರುವುದಿಲ್ಲ. ಎರಡೂ ಪಕ್ಷಗಳು ತಮ್ಮ ಹೆಸರಿನಲ್ಲಿಯೇ ಮಾತನಾಡಿದ್ದರಿಂದ ಅದು 'ಅಂತೆ'ಯ ನೆಲೆಯಿಂದ ಆರೋಪ ಮತ್ತು ಉತ್ತರಗಳ ನೆಲೆಗೆ ಬಂದಿತೆಂಬುದಷ್ಟೇ ಇಲ್ಲಿ ಮುಖ್ಯ. ಹೇಳಿದವರು ಯಾರೆಂದು ತಿಳಿದಾಗ ಮಾತನ್ನು ಪರೀಕ್ಷಿಸುವುದು ಸಾಧ್ಯ.

8. ಉಪಸಂಹಾರ

ತೆರೆಮರೆಯ ಸಂಗತಿಗಳನ್ನು ಅಧ್ಯಯನಕ್ಕೆ ಬಳಸುವವರು ನಾಲ್ಕು ಹಂತಗಳನ್ನು ಬೆರೆಸದೆ ಬೇರೆಬೇರೆಯಾಗಿ ಇಡಬೇಕಾಗುತ್ತದೆ. ವಕ್ತಾರನಿಲ್ಲದ್ದು ವದಂತಿ. ಹೆಸರು ಹೇಳಿ ಆಡಿದ್ದು ಆರೋಪ. ವಿಚಾರಿಸುವ ಅಧಿಕಾರವುಳ್ಳವರ ಮುಂದಿಟ್ಟದ್ದು ದೂರು. ಎರಡೂ ಪಕ್ಷಗಳನ್ನು ಕೇಳಿ ಹೇಳಿದ್ದು ನಿರ್ಣಯ. ರಾಜಿ ಒಪ್ಪಂದ ಈ ಸಾಲಿನಲ್ಲಿ ಎಲ್ಲಿಯೂ ಪೂರ್ತಿಯಾಗಿ ಸೇರುವುದಿಲ್ಲ. ಅದು ದೂರನ್ನು ಮುಗಿಸುತ್ತದೆ, ನಿರ್ಣಯವನ್ನು ಕೊಡುವುದಿಲ್ಲ. ಹಾರ್ಪರ್ ಪ್ರಕರಣ ನಿರ್ಣಯದವರೆಗೆ ಹೋಯಿತು. ಡುಷ್ಕು ಪ್ರಕರಣ ರಾಜಿಯಲ್ಲಿ ನಿಂತು ಅನಂತರ ಪತ್ರಿಕೆಯಿಂದ ತೆರೆಯಿತು. ಬರ್ನ್ಸ್ ಅವರದು ಬರಿಯ ವದಂತಿಯಾಗಿಯೇ ಇದ್ದು ಅವರ ಮಾತಿನಿಂದ ಸುಳ್ಳಾಯಿತು. ಸೋಮರ್ಸ್ ಪ್ರಕರಣದಲ್ಲಿ ಬೇಡಿಕೆಯೊಂದು ವ್ಯಕ್ತಿಯ ಸ್ವಭಾವದ ಕಥೆಯಾಗಿ ಮಾರ್ಪಟ್ಟಿತು. ಹೊರನೋಟಕ್ಕೆ ಒಂದೇ ತೆರನಾಗಿ ಕಾಣುವ ನಾಲ್ಕು ನಿಷ್ಕ್ರಮಣಗಳು ನಾಲ್ಕು ಬೇರೆ ಜ್ಞಾನಸ್ಥಿತಿಗಳಿಗೆ ಸೇರಿವೆ.

ಇನ್ನು ವಿಧಾನಕ್ಕೆ ಸಂಬಂಧಿಸಿದ ಒಂದು ಮಾತು. ಪ್ರಬಂಧವೊಂದರಲ್ಲಿ 'ಎನ್ನಲಾಗಿದೆ' ಎಂದು ಬರೆಯುವಾಗ ಎಂದವರು ಯಾರೆಂದು ತಿಳಿದಿದ್ದರೆ ಹೆಸರಿಸಬೇಕು. ತಿಳಿಯದಿದ್ದರೆ ಆ ವಾಕ್ಯಕ್ಕೆ ಪ್ರಬಂಧದಲ್ಲಿ ಜಾಗವಿಲ್ಲ. ಆದರೆ ವಾಕ್ಯವನ್ನು ಬಿಟ್ಟಾಗ ಪ್ರಶ್ನೆಯನ್ನೂ ಬಿಡಬಾರದು. ಧಾರಾವಾಹಿಯೊಂದರಲ್ಲಿ ಎಷ್ಟು ಪಾತ್ರಧಾರಿಗಳು ಬದಲಾದರು, ಅವರಲ್ಲಿ ಸ್ತ್ರೀಯರೆಷ್ಟು, ಬದಲಾವಣೆಗೆ ಕಥೆ ಕೊಟ್ಟ ಕಾರಣವೇನು, ಸಂಸ್ಥೆ ಕೊಟ್ಟ ಕಾರಣವೇನು, ಅಲ್ಲಿ ಆಂತರಿಕ ದೂರು ಸಮಿತಿಯಿತ್ತೇ—ಇವು ಯಾರ ಗುರುತನ್ನೂ ಬಯಲಿಗೆಳೆಯದೆ ಕೇಳಬಹುದಾದ, ಉತ್ತರ ದೊರಕಿಸಿಕ್ಕೊಳ್ಳಬಹುದಾದ ಪ್ರಶ್ನೆಗಳು.

ನೇಪಥ್ಯವೆಂಬ ಪದಕ್ಕೆ ತೆರೆಯ ಹಿಂದಿನ ಜಾಗವೆಂದೂ ಅಲ್ಲಿ ತೊಡುವ ವೇಷಭೂಷಣವೆಂದೂ ಎರಡು ಅರ್ಥಗಳಿವೆ. ನಾವು ಈವರೆಗೆ ವೇಷವನ್ನು ಕುರಿತು ಬಹಳ ಬರೆದಿದ್ದೇವೆ. ಆ ಜಾಗ ಕೆಲವರ ಪಾಲಿಗೆ ಕೆಲಸದ ಸ್ಥಳ. ಅಲ್ಲಿ ಏನು ನಡೆಯಿತೆಂದು ಹೇಳಬಲ್ಲವರು ಹೇಳಲಾಗದೆ ಹೋದಾಗ, ಹೇಳಬಾರದವರು ಹೇಳತೊಡಗುತ್ತಾರೆ. ಹಾಗಾಗಿ ವದಂತಿಯನ್ನು ನಿಲ್ಲಿಸುವ ದಾರಿ ಬಾಯಿ ಮುಚ್ಚಿಸುವುದರಲ್ಲಿಲ್ಲ. ಹೇಳಬಲ್ಲವರಿಗೆ ನಿರ್ಭಯವಾಗಿ ಹೇಳುವ ಜಾಗ ಒದಗಿಸುವುದರಲ್ಲಿದೆ.